ಹೊಗೆಯಿಲ್ಲದ ಕಾರು ಮತ್ತು ನ್ಯಾಯದ ತಕ್ಕಡಿ

(‘ಪರಿಸರ ಮತ್ತು ಮುಸ್ಲಿಮ್ ಸಮುದಾಯದ ಹೊಣೆಗಾರಿಕೆ’ ಎಂಬ ವಿಷಯದಲ್ಲಿ ಜರಗಿದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿದ್ಯುತ್ತಿನಿಂದ ಓಡುವ ಕಾರುಗಳು ಹಸಿರುಮನೆ ಅನಿಲಗಳನ್ನು ನಿಜಕ್ಕೂ ಕಡಿಮೆ ಮಾಡುತ್ತವೆಯೇ ಎಂಬ ವಿಷಯವನ್ನು ಇಂದು ನಮಗೆ ವಹಿಸಲಾಗಿದೆ. ವರದಕ್ಷಿಣೆ, ಬಡ್ಡಿ, ಶಿಕ್ಷಣ, ನಿರುದ್ಯೋಗ ಮುಂತಾದ ವಿಷಯಗಳ ಮೇಲೆ ನಡೆಯುವ ನಮ್ಮ ಗೋಷ್ಠಿಗಳಲ್ಲಿ ಕಾರಿನ ಬ್ಯಾಟರಿಗೆ ಏನು ಕೆಲಸ ಎಂದು ಕೆಲವರಿಗೆ ಅನಿಸಬಹುದು. ಆದರೆ ಮಾತು ಮುಗಿಯುವ ವೇಳೆಗೆ ಆ ಎಲ್ಲ ವಿಷಯಗಳೂ ಈ ಬ್ಯಾಟರಿಯ ಸುತ್ತಲೇ ಇವೆ ಎಂಬುದು ಮನವರಿಕೆಯಾದೀತೆಂಬ ಭರವಸೆ ನಮಗಿದೆ.

2024ರ ಹಜ್ಜ್ ನಮಗೆಲ್ಲರಿಗೂ ನೆನಪಿದೆ. ಆ ವರ್ಷದ ಜೂನ್ ತಿಂಗಳಲ್ಲಿ ಮಸ್ಜಿದುಲ್ ಹರಾಮ್‌ನಲ್ಲಿ ತಾಪಮಾನ 51.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರವೇ ಪ್ರಕಟಿಸಿತು. ಅವರಲ್ಲಿ ಬಹುಪಾಲು ಜನರು ಅಧಿಕೃತ ಪರವಾನಿಗೆಯಿಲ್ಲದೆ, ಆ ಕಾರಣಕ್ಕಾಗಿಯೇ ತಂಪಾದ ಡೇರೆ ಮತ್ತು ಬಸ್ಸಿನ ಆಸರೆಯಿಲ್ಲದೆ, ಸುಡುಬಿಸಿಲಿನಲ್ಲಿ ನಡೆದವರು. ಅದೇ ವರ್ಷ ಜುಲೈ 30ರಂದು ನಮ್ಮ ನೆರೆಯ ವಯನಾಡಿನಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜೀವಗಳು ಮಣ್ಣಿನಡಿ ಸೇರಿದವು. ಒಂದು ಬಿಸಿಲು, ಒಂದು ಮಳೆಯನ್ನು ಹಿಡಿದು ಎಲ್ಲದಕ್ಕೂ ಒಂದೇ ಕಾರಣ ಹೇಳುವುದು ಸರಿಯಲ್ಲ. ಆದರೆ ಒಟ್ಟು ದಿಕ್ಕು ಯಾವುದೆಂಬುದರಲ್ಲಿ ಸಂಶಯ ಉಳಿದಿಲ್ಲ. ಕೈಗಾರಿಕಾ ಯುಗಕ್ಕೆ ಮುನ್ನ ಇದ್ದುದಕ್ಕಿಂತ ಭೂಮಿಯ ಸರಾಸರಿ ತಾಪಮಾನ 1.5 ಡಿಗ್ರಿಗಿಂತಲೂ ಹೆಚ್ಚಾದ ಮೊದಲ ವರ್ಷ 2024 ಎಂದು ವಿಶ್ವ ಹವಾಮಾನ ಸಂಸ್ಥೆ ಘೋಷಿಸಿದೆ. ಅಂದು ವಾತಾವರಣದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದಾಗ ಹೊರಬರುವ ಈ ಅನಿಲ ಭೂಮಿಗೆ ಹೊದಿಸಿದ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ನಮ್ಮ ದೇಶದಲ್ಲಿ ಇಂಧನ ಬಳಕೆಯಿಂದ ಹೊರಬರುವ ಈ ಅನಿಲದಲ್ಲಿ ಸುಮಾರು ಶೇ. 12 ರಸ್ತೆ ವಾಹನಗಳ ಪಾಲು.

ಇದಕ್ಕೆ ಪರಿಹಾರವೆಂದು ವಿದ್ಯುತ್ ಕಾರನ್ನು ನಮ್ಮ ಮುಂದಿಡಲಾಗಿದೆ. ಇದರ ಕುರಿತು ಎರಡು ಬಗೆಯ ಮಾತುಗಳು ಪೇಟೆಯಲ್ಲಿ ಚಲಾವಣೆಯಲ್ಲಿವೆ. ಇದು ಹೊಗೆಯನ್ನೇ ಉಗುಳದ, ಶೂನ್ಯ ಮಾಲಿನ್ಯದ ವಾಹನ ಎಂಬುದು ಜಾಹೀರಾತಿನ ಮಾತು. ನಮ್ಮ ವಿದ್ಯುತ್ತೆಲ್ಲ ಕಲ್ಲಿದ್ದಲಿನಿಂದಲೇ ಬರುವುದು, ಆದ್ದರಿಂದ ಇದು ಪೆಟ್ರೋಲ್ ಕಾರಿಗಿಂತಲೂ ಕೆಟ್ಟದ್ದು, ಎಲ್ಲವೂ ಬರೀ ಮೋಸ ಎಂಬುದು ಚಹಾದಂಗಡಿಯ ಮಾತು. ಈ ಎರಡೂ ಮಾತುಗಳು ತಕ್ಕಡಿಯ ಒಂದೊಂದು ತಟ್ಟೆಯನ್ನು ಮಾತ್ರ ತೋರಿಸುತ್ತವೆ.

ಸೂರಃ ಅರ್ರಹ್ಮಾನ್‌ನಲ್ಲಿ ಆಕಾಶದ ಔನ್ನತ್ಯದೊಂದಿಗೇ ತಕ್ಕಡಿಯ ಪ್ರಸ್ತಾಪ ಬಂದಿರುವುದನ್ನು ಇಲ್ಲಿ ಸ್ಮರಿಸಬೇಕು. ಅಳತೆ ತೂಕಗಳಲ್ಲಿ ವಂಚಿಸುವವರ ಹೆಸರಿನಲ್ಲೇ ಪವಿತ್ರ ಕುರ್‌ಆನ್‌ನ ಒಂದು ಅಧ್ಯಾಯವಿದೆ. ಪ್ರವಾದಿ ಶುಐಬ್(ಅ)ರು ತಮ್ಮ ಜನಾಂಗದೊಡನೆ ವಾದಿಸಿದ್ದು ಏಕದೇವಾರಾಧನೆಯ ಜೊತೆಗೆ ತೂಕದ ಪ್ರಾಮಾಣಿಕತೆಗಾಗಿ. ತಕ್ಕಡಿ ಕೇವಲ ದಿನಸಿ ಅಂಗಡಿಯ ವಸ್ತುವೆಂದು ನಾವು ಭಾವಿಸಬಾರದು. ತನಗೆ ಬರಬೇಕಾದುದನ್ನು ಪೂರ್ತಿಯಾಗಿ ಅಳೆದುಕೊಂಡು, ಇತರರಿಗೆ ಸಲ್ಲಬೇಕಾದುದನ್ನು ಲೆಕ್ಕಕ್ಕೇ ತರದಿರುವುದು ಎಲ್ಲಿ ನಡೆದರೂ ಅದು ಕಳ್ಳ ತೂಕವೇ. ಆದ್ದರಿಂದ ವಿದ್ಯುತ್ ಕಾರನ್ನು ನಾವು ಪ್ರಾಮಾಣಿಕವಾಗಿ ತೂಗಿ ನೋಡೋಣ.

ಮೊದಲು ಪೆಟ್ರೋಲಿನ ತಟ್ಟೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗಿಂತ ಅದರ ಹೊಗೆ ಹೆಚ್ಚು ತೂಗುವುದು ಹೇಗೆಂದು ಆಶ್ಚರ್ಯವಾಗಬಹುದು. ಉರಿಯುವಾಗ ಪೆಟ್ರೋಲಿನ ಇಂಗಾಲವು ಗಾಳಿಯ ಆಮ್ಲಜನಕದೊಂದಿಗೆ ಸೇರುವುದರಿಂದ ತೂಕ ಹೆಚ್ಚುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರು ಪ್ರತಿ ಕಿಲೋಮೀಟರಿಗೆ 150 ಗ್ರಾಂನಷ್ಟು ಅನಿಲ ಬಿಡುತ್ತದೆ. ಕಚ್ಚಾ ತೈಲವನ್ನು ನೆಲದಿಂದ ತೆಗೆದು, ಹಡಗಿನಲ್ಲಿ ಸಾಗಿಸಿ, ಸಂಸ್ಕರಿಸಿ, ಟ್ಯಾಂಕರಿನಲ್ಲಿ ಪಂಪಿಗೆ ತರುವ ಖರ್ಚನ್ನೂ ಸೇರಿಸಿದರೆ ಅದು ಸುಮಾರು 180 ಗ್ರಾಂ ಆಗುತ್ತದೆ. ವಿದ್ಯುತ್ ಕಾರನ್ನು ಕೆಟ್ಟದ್ದೆನ್ನುವವರು ಮರೆಯುವುದು ಈ ಕೊನೆಯ ಭಾಗವನ್ನೇ.

ಈಗ ವಿದ್ಯುತ್ತಿನ ತಟ್ಟೆ. ಕಾರಿನ ಹಿಂಬದಿಯಲ್ಲಿ ಸೈಲೆನ್ಸರ್ ಇಲ್ಲ ಎಂಬುದು ನಿಜ. ಆದರೆ ಆ ಸೈಲೆನ್ಸರ್ ನೂರಾರು ಮೈಲಿ ದೂರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಯಾಗಿ ನಿಂತಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕಾಚಾರದಂತೆ ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ ಉತ್ಪಾದನೆಗೆ ಸರಾಸರಿ 0.7 ಕಿಲೋಗ್ರಾಂಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ತಂತಿಯಲ್ಲಿ ಮತ್ತು ಚಾರ್ಜಿಂಗ್‌ನಲ್ಲಿ ಆಗುವ ನಷ್ಟವನ್ನು ಕಳೆದರೆ, ಸ್ಥಾವರದಲ್ಲಿ ಹುಟ್ಟಿದ ಒಂದು ಯೂನಿಟ್‌ನಿಂದ ಸಾಧಾರಣ ಕಾರೊಂದು ಐದೂವರೆ ಕಿಲೋಮೀಟರ್ ಓಡೀತು. ಅಂದರೆ ಕಿಲೋಮೀಟರಿಗೆ ಸುಮಾರು 130 ಗ್ರಾಂ. ಇವೆಲ್ಲ ದುಂಡು ಸಂಖ್ಯೆಗಳು. ಕಾರಿನ ಗಾತ್ರ ಮತ್ತು ಓಡಿಸುವ ರೀತಿ ಬದಲಾದರೆ ಇವೂ ಬದಲಾಗುತ್ತವೆ. ಆದರೂ ಕಲ್ಲಿದ್ದಲಿನ ನಾಡಿನಲ್ಲೂ ವಿದ್ಯುತ್ ಕಾರು ಪೆಟ್ರೋಲ್ ಕಾರಿಗಿಂತ ಕಿಲೋಮೀಟರಿಗೆ 50 ಗ್ರಾಂನಷ್ಟು ಕಡಿಮೆ ಅನಿಲ ಬಿಡುತ್ತದೆ ಎಂಬುದು ಸ್ಪಷ್ಟ. ವಿದ್ಯುತ್ ಮೋಟರು ಶಕ್ತಿಯ ಬಹುಭಾಗವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಪೆಟ್ರೋಲ್ ಇಂಜಿನು ಮುಕ್ಕಾಲು ಪಾಲನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ. ಈ ಅಂತರದ ಗುಟ್ಟು ಅಷ್ಟೇ.

ಆದರೆ ಲೆಕ್ಕ ಇನ್ನೂ ಮುಗಿದಿಲ್ಲ. ವಿದ್ಯುತ್ ಕಾರು ಕಾರ್ಖಾನೆಯಿಂದ ಹೊರಬರುವಾಗಲೇ ಸಾಲ ಹೊತ್ತುಕೊಂಡು ಬರುತ್ತದೆ. ಅದರ ಬ್ಯಾಟರಿಗಾಗಿ ಗಣಿ ತೋಡಬೇಕು, ಲೋಹ ಕರಗಿಸಬೇಕು. 30 ಯೂನಿಟ್ ಸಾಮರ್ಥ್ಯದ ಬ್ಯಾಟರಿಯೊಂದನ್ನು ತಯಾರಿಸುವಾಗ ಎರಡು ಟನ್ನಿನ ಆಸುಪಾಸು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಕಿಲೋಮೀಟರಿಗೆ 50 ಗ್ರಾಂನಂತೆ ಉಳಿಸುತ್ತಾ ಈ ಸಾಲ ತೀರಬೇಕಾದರೆ ಕಾರು 40 ಸಾವಿರ ಕಿಲೋಮೀಟರ್ ಓಡಬೇಕು. ಭೂಮಿಗೆ ಲಾಭ ಆರಂಭವಾಗುವುದು ಅದರ ನಂತರವೇ.

ಸಹೋದರರೇ, ನಮ್ಮ ಇಡೀ ಮಾತಿನ ತಿರುಳು ಈ 40 ಸಾವಿರ ಕಿಲೋಮೀಟರಿನಲ್ಲಿದೆ. ದಿನಕ್ಕೆ 130 ಕಿ.ಮೀ. ಓಡುವ ಬಾಡಿಗೆ ಕಾರು ಈ ಸಾಲವನ್ನು ಒಂದೇ ವರ್ಷದಲ್ಲಿ ತೀರಿಸುತ್ತದೆ. ಜುಮಾ ನಮಾಝಿಗೆ, ಮದುವೆ ಮನೆಗೆ, ಭಾನುವಾರ ಸಮುದ್ರ ತೀರಕ್ಕೆ ಹೋಗಲೆಂದು ಇಟ್ಟುಕೊಂಡ, ವರ್ಷಕ್ಕೆ ಐದು ಸಾವಿರ ಕಿ.ಮೀ. ಓಡುವ ಕಾರಿಗೆ ಅದೇ ಸಾಲ ತೀರಿಸಲು ಎಂಟು ವರ್ಷ ಬೇಕು. ಕಾರು ಅದೇ, ಬ್ಯಾಟರಿ ಅದೇ, ಹಸಿರು ನಂಬರ್ ಪ್ಲೇಟೂ ಅದೇ. ಒಂದು ಭೂಮಿಯ ಭಾರವನ್ನು ಇಳಿಸುತ್ತಿದೆ, ಇನ್ನೊಂದು ಶೆಡ್ಡಿನಲ್ಲಿ ನಿಂತು ಪ್ರತಿಷ್ಠೆಯನ್ನು ಏರಿಸುತ್ತಿದೆ.

ಸಾಲ ತೀರುವ ಕಾಲ ಊರೂರಿಗೆ ಬೇರೆಯಾಗುತ್ತದೆ. ಶುದ್ಧ ಸಾರಿಗೆಯ ಕುರಿತು ಅಧ್ಯಯನ ನಡೆಸುವ ಅಂತಾರಾಷ್ಟ್ರೀಯ ಮಂಡಳಿಯೊಂದು 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಯಾರಿಕೆಯಿಂದ ಗುಜರಿಯವರೆಗಿನ ಪೂರ್ತಿ ಆಯುಷ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅದರಂತೆ ವಿದ್ಯುತ್ ಕಾರು ಪೆಟ್ರೋಲ್ ಕಾರಿಗಿಂತ ಯುರೋಪಿನಲ್ಲಿ ಶೇ. 66ರಿಂದ 69, ಅಮೆರಿಕದಲ್ಲಿ ಶೇ. 60ರಿಂದ 68, ಚೀನಾದಲ್ಲಿ ಶೇ. 37ರಿಂದ 45, ಭಾರತದಲ್ಲಿ ಶೇ. 19ರಿಂದ 34ರಷ್ಟು ಕಡಿಮೆ ಹಸಿರುಮನೆ ಅನಿಲ ಬಿಡುತ್ತದೆ. ಭಾರತದ ಅಂಕಿ ಇಷ್ಟು ಚಿಕ್ಕದಾಗಿರಲು ಮುಖ್ಯ ಕಾರಣ ನಮ್ಮ ವಿದ್ಯುತ್ತಿನಲ್ಲಿರುವ ಕಲ್ಲಿದ್ದಲು. ನಾರ್ವೆ ದೇಶದ ವಿದ್ಯುತ್ತು ಬಹುತೇಕ ಜಲವಿದ್ಯುತ್. ಅಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ವಿದ್ಯುತ್ ಕಾರುಗಳಾಗಿದ್ದವು. ಅದೇ ನಾರ್ವೆ ತನ್ನ ತೈಲ ಮತ್ತು ಅನಿಲವನ್ನು ಹೊರದೇಶಗಳಿಗೆ ಮಾರಿ ಶ್ರೀಮಂತವಾಗಿದೆ ಎಂಬುದನ್ನೂ ತಕ್ಕಡಿಗೆ ಹಾಕಬೇಕು. ತನ್ನ ಅಂಗಳ ಗುಡಿಸಿ ಕಸವನ್ನು ನೆರೆಯವನ ಅಂಗಳಕ್ಕೆ ತಳ್ಳುವುದು ಶುಚಿತ್ವವಲ್ಲ.

ನಮ್ಮಲ್ಲೂ ಇದೇ ನಡೆದೀತೆಂಬ ಎಚ್ಚರ ಅಗತ್ಯ. ನಗರದ ರಸ್ತೆಯಲ್ಲಿ ಹೊಗೆ ಕಡಿಮೆಯಾದರೆ ರಿಕ್ಷಾ ನಿಲ್ದಾಣದಲ್ಲಿ ದಿನವಿಡೀ ನಿಲ್ಲುವವನ ಶ್ವಾಸಕೋಶಕ್ಕೆ ಒಳ್ಳೆಯದೇ. ಆದರೆ ಆ ವಿದ್ಯುತ್ತಿಗಾಗಿ ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಂತಹ ಸ್ಥಾವರಗಳ ಹಾರುಬೂದಿ ಬೀಳುವುದು ಕಾರಿನ ಕನಸನ್ನೂ ಕಾಣದವರ ಗದ್ದೆ, ಬಾವಿಗಳ ಮೇಲೆ. ನಮ್ಮ ರಾಜ್ಯದ ಭಾಗ್ಯವೆಂದರೆ ಶರಾವತಿಯ ನೀರಿದೆ, ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ, ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಗಾಳಿಯಂತ್ರಗಳಿವೆ. ದೇಶದ ಸರಾಸರಿಗಿಂತ ನಮ್ಮ ರಾಜ್ಯದ ವಿದ್ಯುತ್ತು ಶುಭ್ರ. ಹಗಲಲ್ಲಿ, ಸೂರ್ಯನಿರುವಾಗ ಚಾರ್ಜ್ ಮಾಡಿದ ವಾಹನಕ್ಕೂ ಎಲ್ಲ ಮನೆಗಳ ದೀಪ, ಟಿವಿ ಉರಿಯುವ ಸಂಜೆಯ ಹೊತ್ತಿನಲ್ಲಿ ಚಾರ್ಜ್ ಮಾಡಿದ ವಾಹನಕ್ಕೂ ವ್ಯತ್ಯಾಸವಿದೆ. ಇನ್ನೊಂದು ಮಾತನ್ನೂ ವಿದ್ಯುತ್ ಕಾರಿನ ಪರವಾಗಿ ಹೇಳಲೇಬೇಕು. ಪೆಟ್ರೋಲ್ ಕಾರು ಹಳತಾದಂತೆ ಅದರ ಹೊಗೆ ಹೆಚ್ಚೀತೇ ಹೊರತು ಕಡಿಮೆಯಾಗದು. ವಿದ್ಯುತ್ ಕಾರಾದರೋ ದೇಶದಲ್ಲಿ ಸೂರ್ಯ, ಗಾಳಿಗಳ ಪಾಲು ಹೆಚ್ಚಿದಂತೆ ತಾನೂ ಶುದ್ಧವಾಗುತ್ತಾ ಹೋಗುತ್ತದೆ.

ಆದರೆ ಆ ಪಾಲು ಹೆಚ್ಚಬೇಕಲ್ಲವೇ? 2025ರ ಮಧ್ಯದಲ್ಲಿ ನಮ್ಮ ಸರಕಾರ, ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಈಗ ಕಲ್ಲಿದ್ದಲು, ಅನಿಲಗಳಿಲ್ಲದ ಮೂಲಗಳಿಂದ ಬಂದಿದೆ ಎಂದು ಸಂಭ್ರಮಿಸಿತು. ಸಾಧನೆ ಸಣ್ಣದಲ್ಲ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ರಾತ್ರಿ ಸೂರ್ಯನಿಲ್ಲ. ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನದ್ದೇ. 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿದಾಗ ಅದನ್ನೂ ಅದೇ ಸರಕಾರ ಅಷ್ಟೇ ಸಂಭ್ರಮದಿಂದ ಪ್ರಕಟಿಸಿತು. ಒಂದು ಕೈಯಲ್ಲಿ ಹಸಿರು ಬಾವುಟ, ಇನ್ನೊಂದು ಕೈಯಲ್ಲಿ ಕಲ್ಲಿದ್ದಲಿನ ಬುಟ್ಟಿ. ಎರಡೂ ಕೈಗಳಿಗೆ ಚಪ್ಪಾಳೆ ಕೇಳುವ ರಾಜಕೀಯವನ್ನು ಪ್ರಶ್ನಿಸುವುದು ಪ್ರಜೆಗಳ ಕರ್ತವ್ಯ.

ಮುಸ್ಲಿಮ್ ಜಗತ್ತನ್ನೂ ಇಲ್ಲಿ ರಿಯಾಯಿತಿಯಿಂದ ನೋಡುವಂತಿಲ್ಲ. 2015ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಮುಸ್ಲಿಮ್ ವಿದ್ವಾಂಸರು ಹವಾಮಾನ ಬದಲಾವಣೆಯ ಕುರಿತು ಘೋಷಣೆಯೊಂದನ್ನು ಹೊರಡಿಸಿದರು. ಈ ಶತಮಾನದ ಮಧ್ಯದೊಳಗೆ ಹಸಿರುಮನೆ ಅನಿಲಗಳನ್ನು ನಿಲ್ಲಿಸಬೇಕೆಂದು ಶ್ರೀಮಂತ ರಾಷ್ಟ್ರಗಳಿಗೂ ತೈಲ ರಾಷ್ಟ್ರಗಳಿಗೂ ಕರೆಕೊಟ್ಟರು. ಎಂಟು ವರ್ಷಗಳ ನಂತರ, 2023ರಲ್ಲಿ, ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ದುಬೈಯಲ್ಲಿ ನಡೆದಾಗ ಅದರ ಅಧ್ಯಕ್ಷತೆ ವಹಿಸಿದವರು ಅಬುಧಾಬಿಯ ರಾಷ್ಟ್ರೀಯ ತೈಲ ಕಂಪೆನಿಯ ಮುಖ್ಯಸ್ಥರು! ವಿದ್ವಾಂಸರ ಕರೆ ಒಂದೆಡೆ, ಆಳುವವರ ವ್ಯಾಪಾರ ಇನ್ನೊಂದೆಡೆ. ಈ ಕಂದಕ ನಮಗೆ ಅಪರಿಚಿತವೇನಲ್ಲ.

ಬ್ಯಾಟರಿಯ ಲೋಹಗಳ ಕಥೆ ಇನ್ನಷ್ಟು ನೋವಿನದ್ದು. ಜಗತ್ತಿನ ಅತಿ ಹೆಚ್ಚು ಮುಸ್ಲಿಮರಿರುವ ಇಂಡೋನೇಶ್ಯಾ ಇಂದು ನಿಕ್ಕಲ್ ಲೋಹದ ಅತಿದೊಡ್ಡ ಉತ್ಪಾದಕ. 2020ರಲ್ಲಿ ಅದಿರಿನ ರಫ್ತನ್ನು ನಿಷೇಧಿಸಿ, ಲೋಹವನ್ನು ತನ್ನ ನೆಲದಲ್ಲೇ ಕರಗಿಸತೊಡಗಿತು. ಕಚ್ಚಾ ಸಾಮಗ್ರಿಯನ್ನು ಅಗ್ಗಕ್ಕೆ ಕೊಂಡೊಯ್ಯುವವರಿಗೆ ತಡೆಯೊಡ್ಡಿದ ಆ ನಿಲುವು ಸ್ವಾಭಿಮಾನದ್ದೇ. ಆದರೆ ಸುಲಾವೆಸಿ ದ್ವೀಪದ ಮೊರೊವಾಲಿಯಲ್ಲಿ ಆ ಕುಲುಮೆಗಳಿಗೆ ಬೇಕಾದ ವಿದ್ಯುತ್ತು ಕಲ್ಲಿದ್ದಲಿನಿಂದಲೇ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಕುಲುಮೆಯೊಂದರಲ್ಲಿ ನಡೆದ ಸ್ಫೋಟ 20ಕ್ಕೂ ಹೆಚ್ಚು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಜಗತ್ತಿನ ಕೋಬಾಲ್ಟ್‌ನ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ಆಫ್ರಿಕಾದ ಕಾಂಗೋದಿಂದ ಬರುತ್ತದೆ. ಅಲ್ಲಿನ ಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ಜಗತ್ತಿನ ಮುಂದಿಟ್ಟಿತು. ಈಗ ನಮ್ಮ ದೇಶದ ಅನೇಕ ಕಾರುಗಳಲ್ಲಿ ಬಳಕೆಯಾಗುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳಿಗೆ ಈ ಎರಡೂ ಲೋಹಗಳು ಬೇಕಿಲ್ಲ ಎಂಬುದು ಸಮಾಧಾನದ ಸಂಗತಿ. ವಾಹನ ಕೊಳ್ಳುವವರು ಶೋರೂಮಿನಲ್ಲಿ ಬಣ್ಣ, ಸೀಟುಗಳ ಜೊತೆಗೆ ಬ್ಯಾಟರಿ ಯಾವುದರದ್ದೆಂದೂ ಕೇಳಬೇಕು.

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯದಾಗಿ, ಹೆಚ್ಚು ಓಡುವ ವಾಹನ ಮೊದಲು ಬದಲಾಗಲಿ. ನಮ್ಮ ಪೇಟೆಗಳಲ್ಲಿ ರಿಕ್ಷಾ ಓಡಿಸಿ ಮನೆ ನಡೆಸುವ ಸಹೋದರರು ಎಷ್ಟಿದ್ದಾರೆಂದು ಯಾರಿಗೂ ಹೇಳಬೇಕಾಗಿಲ್ಲ. ವಿದ್ಯುತ್ ರಿಕ್ಷಾದ ಬ್ಯಾಟರಿ ಕಾರಿನದ್ದರ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ದಿನಕ್ಕೆ ನೂರು ಕಿ.ಮೀ. ಓಡುವುದರಿಂದ ಅದರ ಇಂಗಾಲದ ಸಾಲ ವರ್ಷದೊಳಗೆ ತೀರುತ್ತದೆ. ಇಂಧನದ ಖರ್ಚಿನಲ್ಲಿ ಉಳಿದ ಹಣ ನೇರವಾಗಿ ಆತನ ಮನೆಯ ಒಲೆಗೆ, ಮಕ್ಕಳ ಫೀಸಿಗೆ ಸೇರುತ್ತದೆ. ಅಡ್ಡಿಯೆಂದರೆ ಖರೀದಿಯ ದೊಡ್ಡ ಮೊತ್ತ. ಅದಕ್ಕಾಗಿ ಆತ ಬಡ್ಡಿಯ ಸಾಲಕ್ಕೆ ಕೈಯೊಡ್ಡುತ್ತಾನೆ. ಉಳಿದದ್ದೆಲ್ಲ ಬಡ್ಡಿಗೆ ಹೋಗುತ್ತದೆ. ನಮ್ಮ ಬೈತುಲ್‌ಮಾಲ್‌ಗಳು, ಬಡ್ಡಿರಹಿತ ಸಾಲ ಕೊಡುವ ಸೊಸೈಟಿಗಳು ವರ್ಷಕ್ಕೆ ಐದು ರಿಕ್ಷಾಗಳಿಗೆ ನೆರವಾದರೂ ಸಾಕು. ಒಂದೇ ಕೈಯಿಂದ ಬಡ್ಡಿಯ ಉರುಳನ್ನೂ ಹೊಗೆಯ ಉರುಳನ್ನೂ ಸಡಿಲಿಸಿದಂತಾಗುತ್ತದೆ.

ಎರಡನೆಯದಾಗಿ, ಗ್ಯಾರೇಜುಗಳ ಕುರಿತು ಈಗಲೇ ಯೋಚಿಸಬೇಕು. ಶಾಲೆ ಬಿಟ್ಟ ನಮ್ಮ ಹುಡುಗರಿಗೆ ಗ್ಯಾರೇಜು ಬಹುಕಾಲದಿಂದ ಪಾಠಶಾಲೆಯಾಗಿದೆ. ವಿದ್ಯುತ್ ವಾಹನಕ್ಕೆ ಇಂಜಿನ್ ಆಯಿಲ್ ಇಲ್ಲ, ಕಾರ್ಬುರೇಟರ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ, ಸೈಲೆನ್ಸರ್ ಇಲ್ಲ. ಉಸ್ತಾದನ ಕೈಕೆಳಗೆ ಹತ್ತು ವರ್ಷ ಕಲಿತ ವಿದ್ಯೆಯ ಅರ್ಧಕ್ಕೆ ಅಲ್ಲಿ ಕೆಲಸವಿಲ್ಲ. ಆ ದಿನ ಬಂದ ಮೇಲೆ ಸಮುದಾಯಕ್ಕೆ ಅನ್ಯಾಯವಾಯಿತೆಂದು ಮನವಿ ಪತ್ರ ಸಲ್ಲಿಸಿ ಪ್ರಯೋಜನವಿಲ್ಲ. ನಮ್ಮ ಸಂಸ್ಥೆಗಳು ನಡೆಸುವ ಐಟಿಐಗಳಲ್ಲಿ ಬ್ಯಾಟರಿ, ಮೋಟರ್, ವಯರಿಂಗ್ ದುರಸ್ತಿಯ ಕೋರ್ಸುಗಳು ಈಗಲೇ ಆರಂಭವಾಗಲಿ. ವಿದ್ಯಾರ್ಥಿವೇತನವೆಂದರೆ ಇಂಜಿನಿಯರಿಂಗ್, ಮೆಡಿಕಲ್‌ಗೆ ಮಾತ್ರ ಎಂಬ ಭಾವನೆ ದೂರವಾಗಲಿ. ಮೂವತ್ತು ದಾಟಿದ ಮೆಕ್ಯಾನಿಕ್ ಆರು ತಿಂಗಳು ಹೊಸತನ್ನು ಕಲಿಯಲು ಕೂತರೆ ಅವನ ಮನೆಗೆ ಅಕ್ಕಿ ಮುಟ್ಟಿಸುವುದೂ ಝಕಾತ್‌ನ ಸದ್ವಿನಿಯೋಗವೇ.

ಮೂರನೆಯದಾಗಿ, ಬಸ್ಸನ್ನು ಗೌರವಿಸೋಣ. ಡೀಸೆಲ್ ಬಸ್ಸೊಂದು ನಲವತ್ತು ಮಂದಿಯನ್ನು ಹೊತ್ತು ಸಾಗುವಾಗ ಪ್ರತಿ ಪ್ರಯಾಣಿಕನ ಪಾಲಿಗೆ ಬರುವ ಅನಿಲ ಕಿಲೋಮೀಟರಿಗೆ ಇಪ್ಪತ್ತು ಗ್ರಾಂನ ಆಸುಪಾಸು. ಒಬ್ಬನೇ ಕೂತು ಓಡಿಸುವ ವಿದ್ಯುತ್ ಕಾರಿನದ್ದು 130 ಗ್ರಾಂ. ಡೀಸೆಲಿನ ಬಸ್ಸು ವಿದ್ಯುತ್ತಿನ ಕಾರಿಗಿಂತ ಹಸಿರು ಎಂಬ ಈ ಸತ್ಯವನ್ನು ಯಾವ ಜಾಹೀರಾತೂ ಹೇಳದು. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದಾಗಿ ನಮ್ಮ ರಾಜ್ಯದಲ್ಲಿ ಸರಕಾರಿ ಬಸ್ಸು ಹತ್ತಿದ ಪ್ರತಿಯೊಬ್ಬ ತಾಯಿ, ತಂಗಿ ತನಗರಿವಿಲ್ಲದೆ ಪರಿಸರದ ಸೇವೆಯನ್ನೂ ಮಾಡುತ್ತಿದ್ದಾರೆ. ನಮ್ಮ ಬಡಾವಣೆಗಳಿಗೆ ಬಸ್ಸು ಬರಲಿ, ಸಮಯಕ್ಕೆ ಸರಿಯಾಗಿ ಬರಲಿ, ಬಸ್ಸುಗಳ ಸಂಖ್ಯೆ ಹೆಚ್ಚಲಿ ಎಂದು ಒತ್ತಾಯಿಸುವುದು ರಸ್ತೆ, ಚರಂಡಿಗಳಷ್ಟೇ ಮುಖ್ಯವಾದ ಬೇಡಿಕೆಯಾಗಬೇಕು.

ನಾಲ್ಕನೆಯದಾಗಿ, ಕಹಿಯಾದ ಒಂದು ಮಾತು. ಮದುವೆಯಲ್ಲಿ ಅಳಿಯನಿಗೆ ಕಾರು ಕೊಡುವ ಪದ್ಧತಿ ನಮ್ಮಲ್ಲಿ ಸತ್ತಿಲ್ಲ. ಅದಕ್ಕೆ ‘ಉಡುಗೊರೆ’ ಎಂದು ಹೆಸರಿಟ್ಟಿದ್ದೇವೆ. ಪೆಟ್ರೋಲ್ ಕಾರಿನ ಜಾಗದಲ್ಲಿ ಇನ್ನು ವಿದ್ಯುತ್ ಕಾರು ಬಂದು ನಿಂತರೆ ಕೆಲವರು ಅದನ್ನೂ ಪರಿಸರ ಪ್ರೇಮವೆಂದು ಕರೆಯಬಹುದು. ಹಸಿರು ನಂಬರ್ ಪ್ಲೇಟ್ ಹಾಕಿದ ಮಾತ್ರಕ್ಕೆ ವರದಕ್ಷಿಣೆ ಹಲಾಲ್ ಆಗುವುದಿಲ್ಲ. ಹೆಣ್ಣು ಹೆತ್ತವನ ಮನೆ ಅಡವಿಟ್ಟು ತಂದ ಕಾರು, ತಿಂಗಳಿಗೆ ಎರಡು ಬಾರಿ ಹೊರಗೆ ಬರುವ ಕಾರು, ಭೂಮಿಯ ಲೆಕ್ಕದಲ್ಲೂ ಸಾಲ, ಮಾವನ ಲೆಕ್ಕದಲ್ಲೂ ಸಾಲ. ಹರಿಯುವ ನದಿಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳಿಗೆ ಇದು ಶೋಭೆ ತರುವುದಿಲ್ಲ. ಇರುವ ಸಣ್ಣ ಕಾರನ್ನು ಚೆನ್ನಾಗಿಟ್ಟುಕೊಂಡು, ಕಡಿಮೆ ಓಡಿಸಿ, ಅದರ ಆಯುಷ್ಯ ಮುಗಿದ ಮೇಲೆ ವಿದ್ಯುತ್ ಕಾರಿನ ಕುರಿತು ಯೋಚಿಸುವುದೇ ಅನೇಕ ಕುಟುಂಬಗಳಿಗೆ ಉತ್ತಮ ಮಾರ್ಗ.

ಕೊನೆಯದಾಗಿ, ನಮ್ಮ ಮಸೀದಿಗಳ ವಿಶಾಲವಾದ ಛಾವಣಿಗಳು ಬಿಸಿಲಿಗೆ ಸುಮ್ಮನೆ ಕಾಯುತ್ತಿವೆ. ಜಕಾರ್ತದ ಇಸ್ತಿಕ್‌ಲಾಲ್ ಮಸೀದಿ ತನ್ನ ಛಾವಣಿಯ ಮೇಲೆ ಸೌರಫಲಕಗಳನ್ನು ಅಳವಡಿಸಿ, ನೀರನ್ನು ಮಿತವಾಗಿ ಬಳಸಿ, 2022ರಲ್ಲಿ ಹಸಿರು ಕಟ್ಟಡವೆಂಬ ಅಂತಾರಾಷ್ಟ್ರೀಯ ಮಾನ್ಯತೆ ಪಡೆಯಿತು. ಆರಾಧನಾಲಯವೊಂದಕ್ಕೆ ಆ ಮಾನ್ಯತೆ ದೊರೆತದ್ದು ಅದೇ ಮೊದಲು. ನಮ್ಮ ಜಮಾಅತ್‌ಗಳು ಮನಸ್ಸು ಮಾಡಿದರೆ ಮಸೀದಿಯ ಫ್ಯಾನು, ದೀಪಗಳಿಗೆ ವಿದ್ಯುತ್ ದೊರೆತು, ಉಳಿದದ್ದರಲ್ಲಿ ಹಗಲು ಹೊತ್ತು ಅಂಗಳದಲ್ಲಿ ನಾಲ್ಕು ರಿಕ್ಷಾಗಳು ಚಾರ್ಜ್ ಆಗಬಹುದು. ಆ ರಿಕ್ಷಾ ಮುಸ್ಲಿಮನದ್ದೋ ಹಿಂದೂವಿನದ್ದೋ ಕ್ರೈಸ್ತನದ್ದೋ ಎಂದು ಕೇಳುವ ಅಗತ್ಯವಿಲ್ಲ. ಸೂರ್ಯ ಯಾರ ಮನೆಯ ಛಾವಣಿಯನ್ನೂ ಕೇಳಿ ಬೆಳಗುವುದಿಲ್ಲ. ದ್ವೇಷದ ಮಾತುಗಳೇ ಗಟ್ಟಿಯಾಗಿ ಕೇಳಿಬರುತ್ತಿರುವ ಈ ದಿನಗಳಲ್ಲಿ ಮಸೀದಿಯ ಅಂಗಳದಿಂದ ಊರಿಗೆ ಹರಿಯುವ ಬೆಳಕು ನೂರು ಭಾಷಣಗಳಿಗೆ ಸಮ.

ವಿದ್ಯುತ್ ಕಾರು ಹಸಿರುಮನೆ ಅನಿಲಗಳನ್ನು ಕಡಿಮೆ ಮಾಡುತ್ತದೆ, ಸಂಶಯವಿಲ್ಲ. ಆದರೆ ಎಷ್ಟು ಎಂಬುದನ್ನು ನಿರ್ಧರಿಸುವುದು ಅದಕ್ಕೆ ಬರುವ ವಿದ್ಯುತ್ತಿನ ಮೂಲ, ಅದರ ಬ್ಯಾಟರಿಯ ಗಾತ್ರ ಮತ್ತು ಅದರ ಓಟದ ಉದ್ದೇಶ. ಮೊದಲನೆಯದನ್ನು ಬದಲಿಸಲು ಸರಕಾರದೊಡನೆ ಹೋರಾಡಬೇಕು. ಉಳಿದೆರಡನ್ನು ಬದಲಿಸಲು ನಮ್ಮ ಆಡಂಬರದೊಡನೆ ಹೋರಾಡಬೇಕು. ಭೂಮಿ ನಮಗೆ ದೊರೆತಿರುವುದು ಅಮಾನತ್ತಾಗಿ. ಅದರ ಲೆಕ್ಕ ಕೇಳುವ ದಿನವೊಂದಿದೆ. ಆ ದಿನದ ತಕ್ಕಡಿಯಲ್ಲಿ ಜಾಹೀರಾತಿಗೆ ತೂಕವಿರುವುದಿಲ್ಲ.

ನ್ಯಾಯವಾಗಿ ಅಳೆಯುವ, ಮಿತವಾಗಿ ಬಳಸುವ, ದುರ್ಬಲರ ಪರ ನಿಲ್ಲುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.